ಬ್ರೇಕ್ ಮುಟ್ಟದ ಮೈದುನ

ನನ್ನ ಮೈದುನನಿಗೆ ದೇವರಲ್ಲಿ ನಂಬಿಕೆಯಿದೆ, ಹೋಮಿಯೋಪತಿ ಗುಳಿಗೆಯಲ್ಲಿ ನಂಬಿಕೆಯಿದೆ, ಇವತ್ತು ಮಳೆ ಬರುವುದಿಲ್ಲವೆಂದು ರೇಡಿಯೋ ಹೇಳಿದರೆ ಅದರಲ್ಲೂ ನಂಬಿಕೆಯಿದೆ. ನಂಬಿಕೆಯಿಲ್ಲದಿರುವುದು ಬ್ರೇಕಿನಲ್ಲಿ ಮಾತ್ರ! ಗಾಬರಿಯಾಗಬೇಡಿ. ಅವನು ಯಾರ ಮೇಲೂ ಗಾಡಿ ಹತ್ತಿಸಿದವನಲ್ಲ. ಒಂದು ಕೋಳಿಯ ಪುಕ್ಕಕ್ಕೂ ಅವನಿಂದ ನೋವಾಗಿಲ್ಲ. ಆಗುವುದಾದರೂ ಹೇಗೆ? ಅವನ ಕಾರು ದೂರದಲ್ಲಿ ಬರುವುದನ್ನು ಕಂಡ ಕೋಳಿ ರಸ್ತೆ ದಾಟಿ, ಆಚೆ ಬದಿಯಲ್ಲಿ ಮೊಟ್ಟೆಯಿಟ್ಟು, ಕಾವು ಕೊಟ್ಟು, ಮರಿಗಳನ್ನು ಕರೆದುಕೊಂಡು ಈಚೆಗೆ ಮರಳಿ ಬರುವಷ್ಟು ವ್ಯವಧಾನ ಸಿಗುತ್ತದೆ.

"ಬ್ರೇಕ್ ಒತ್ತುವುದು ಅಂದ್ರೆ ತಪ್ಪೊಪ್ಪಿಗೆ, ಅತ್ತಿಗೆ" ಎನ್ನುತ್ತಾನೆ ಅವನು. "ಮುಂದೆ ನೋಡಿ ಓಡಿಸಲಿಲ್ಲ ಅಂತ ಒಪ್ಪಿಕೊಂಡ ಹಾಗೆ. ದುಡ್ಡು ಕೊಟ್ಟು ತಂದ ಡೀಸೆಲನ್ನು ಗಾಲಿಗೆ ತಿಕ್ಕಿ ಬಿಸಿ ಮಾಡಿದ ಹಾಗೆ."

ತಪ್ಪೊಪ್ಪಿಗೆಯ ವಿಷಯ ಕಾನ್ವೆಂಟಿನಲ್ಲಿ ಓದಿದ ನನಗೆ ಹೇಳಿಕೊಡಬೇಕೆ? ನಮ್ಮ ಕ್ಲಾಸಿನ ಕ್ರಿಶ್ಚಿಯನ್ ಹುಡುಗಿಯರು ಶನಿವಾರ ಸಾಲುಗಟ್ಟಿ ಹೋಗಿ, ತಪ್ಪೊಪ್ಪಿಕೊಂಡು ಹೂವಿನಂತೆ ಹಗುರಾಗಿ ಬಂದು, ಸೋಮವಾರದಿಂದ ಮತ್ತೆ ಫ್ರೆಶ್ ಆಗಿ ಶುರು ಮಾಡುತ್ತಿದ್ದರು. ನನಗಂತೂ ಅವರ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು. ಈ ಮಹಾನುಭಾವನೋ ತಪ್ಪನ್ನೂ ಮಾಡುವುದಿಲ್ಲ, ಒಪ್ಪಿಕೊಳ್ಳುವುದೂ ಇಲ್ಲ. ಇಂಥವರ ಜೊತೆ ಬಾಳುವುದು ಎಷ್ಟು ಕಷ್ಟ, ಯು ಹ್ಯಾವ್ ನೋ ಐಡಿಯಾ!

ನಾನು ಮಂಗಳೂರಿನವಳು, ಕೊಟ್ಟದ್ದು ಕಾಸರಗೋಡಿಗೆ. ನನ್ನ ಯಜಮಾನರನ್ನು ಬ್ಯಾಂಕಿನವರು ಕೊಚ್ಚಿಗೆ ವರ್ಗ ಮಾಡಿದರು, ಎಡಪ್ಪಳ್ಳಿಯಲ್ಲೊಂದು ಫ್ಲ್ಯಾಟ್ ಕೊಂಡೆವು, ಅವರು ಹೋದ ಮೇಲೂ ನಾನು ಅಲ್ಲೇ ಉಳಿದೆ. ನಮ್ಮ ನೆತ್ತಿಯ ಮೇಲಿನ ಫ್ಲ್ಯಾಟಿನಲ್ಲಿ ಅವರ ತಮ್ಮ, ಈ ಮೈದುನ. ಮದುವೆಯಾಗಲಿಲ್ಲ. "ಜೀವಮಾನ ಪೂರ್ತಿ ಕ್ಲಚ್ ಹಿಡಿದೇ ಕೂತ, ಗೇರ್ ಹಾಕಲಿಲ್ಲ" ಎಂಬುದು ಅವನ ಅಣ್ಣನ ವ್ಯಾಖ್ಯಾನ. ಇಂಧನ ಉಳಿಸುವುದು ಹೇಗೆಂದು ಜನರಿಗೆ ಹೇಳಿಕೊಡುವ ಒಂದು ಸರಕಾರಿ ಕಚೇರಿಯಲ್ಲಿ ಅವನಿಗೆ ಕೆಲಸವಿತ್ತು. ನಿವೃತ್ತನಾದ ಮೇಲೆ ಎಲ್ಲರಂತೆ ಸುಮ್ಮನೆ ಕೂರಬಹುದಿತ್ತು. ಆದರೆ ಸುಮ್ಮನೆ ಕೂತರೆ ಎಂಜಿನ್ ಐಡಲಿಂಗ್ ಆದಂತಲ್ಲವೆ! ಅದು ಅವನ ಧರ್ಮದಲ್ಲಿ ಬ್ರೇಕಿನ ನಂತರದ ಮಹಾಪಾಪ. ಹಾಗಾಗಿ ಹತ್ತಿರದ ಫ್ಯಾಕ್ಟರಿಗಳ ಊರು ಏಲೂರಿನ ಲಾರಿ ಮಾಲೀಕರು ಕೆಲವರು ಕರೆದದ್ದೇ ತಡ, ಅವರ ಡ್ರೈವರುಗಳಿಗೆ ಕಡಿಮೆ ಡೀಸೆಲಿನಲ್ಲಿ ಲಾರಿ ಓಡಿಸುವ ವಿದ್ಯೆ ಕಲಿಸಲು ಹೊರಟ.

ಒಮ್ಮೆ ಅವನು ಮರೆತುಹೋದ ಕನ್ನಡಕ ಕೊಡಲು ನಾನೇ ಆಟೋ ಹತ್ತಿ ಏಲೂರಿಗೆ ಹೋಗಿದ್ದೆ. ಒಂದು ತಗಡಿನ ಶೆಡ್ಡು. ಬೆಂಚುಗಳ ಮೇಲೆ ದಪ್ಪ ಮೀಸೆಯ, ದಪ್ಪ ತೋಳಿನ ಗಂಡಸರು. ಎದುರಿಗೆ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಬರಿಗಾಲಲ್ಲಿ ಕುರ್ಚಿಯ ಮೇಲೆ ಕೂತ ನನ್ನ ಮೈದುನ. ಗುಡ್ ಹೆವೆನ್ಸ್, ಎಲ್ಲರೂ ಅವನ ಬಲಗಾಲನ್ನೇ ನೋಡುತ್ತಿದ್ದಾರೆ! ಅವನು ಬರಿಗಾಲಲ್ಲೇ ಗಾಡಿ ಓಡಿಸುವವನು. ಚಪ್ಪಲಿ ಹಾಕಿದ ಕಾಲು ಕಿವುಡು, ಎಂಜಿನ್ ಹೇಳುವುದು ಅದಕ್ಕೆ ಕೇಳಿಸುವುದಿಲ್ಲ ಎಂಬುದು ಅವನ ಸಿದ್ಧಾಂತ.

"ಆಕ್ಸಿಲರೇಟರ್ ಮೇಲೆ ಕಾಲು ಹೇಗಿರಬೇಕು?" ಅವನು ಕಾಸರಗೋಡು ಮಲಯಾಳದಲ್ಲಿ ಕೇಳಿದ.

"ತೊಟ್ಟಿಲ ಕೂಸಿನ ಹಾಗೆ ನಿದ್ದೆ ಮಾಡಬೇಕು, ಸಾರೇ!" ಮೀಸೆಗಳು ಒಕ್ಕೊರಲಿನಿಂದ ಹೇಳಿದವು.

"ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವವನು ಯಾರು?"

"ಹೆಣ, ಸಾರೇ!"

ಆಮೇಲೆ ಪರೀಕ್ಷೆ. ಒಂದು ಸ್ಟೀಲ್ ಲೋಟಕ್ಕೆ ಕಂಠದವರೆಗೆ ನೀರು ತುಂಬಿಸಿ ಲಾರಿಯ ಡ್ಯಾಶ್‌ಬೋರ್ಡಿನ ಮೇಲಿಡುತ್ತಾನೆ. ಡ್ರೈವರು ಹೆದ್ದಾರಿಯವರೆಗೆ ಹೋಗಿ ಬರಬೇಕು. ಹನಿ ಚೆಲ್ಲಿದರೆ ಫೇಲ್. ಚೆಲ್ಲದವನು ಎಲ್ಲರ ಎದುರು ಅದೇ ನೀರನ್ನು ಗಟಗಟ ಕುಡಿಯಬೇಕು. ಅದೇ ಸರ್ಟಿಫಿಕೇಟು! ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಹಾಗಾಗಿ ಏಲೂರಿನಲ್ಲಿ ಅವನ ಹೆಸರು ಗ್ಲಾಸ್ ಸಾರ್.

ನನಗೆ ತಟ್ಟನೆ ನಮ್ಮ ಕಾನ್ವೆಂಟಿನ ಮದರ್ ನೆನಪಾದರು. ನಮ್ಮ ನೆತ್ತಿಯ ಮೇಲೆ ಡಿಕ್ಷನರಿ ಇಟ್ಟು ಉದ್ದನೆಯ ಕಾರಿಡಾರಿನಲ್ಲಿ ನಡೆಸುತ್ತಿದ್ದರು. "ಗ್ಲೈಡ್, ಗರ್ಲ್ಸ್, ಗ್ಲೈಡ್! ಡೋಂಟ್ ಗ್ಯಾಲಪ್!" ಹೊರಗೆ ಪಾರಿವಾಳಗಳು, ಒಳಗೆ ಮೇಣದ ವಾಸನೆ, ಕತ್ತು ನೆಟ್ಟಗೆ ಮಾಡಿ ತೇಲುತ್ತಿದ್ದ ನಾವು. ಆ ಹುಡುಗಿಯರೆಲ್ಲ ಈಗ ಎಲ್ಲಿದ್ದಾರೋ, ಎಷ್ಟು ಜನರ ಕತ್ತಿಗೆ ಪಟ್ಟಿ ಬಿದ್ದಿದೆಯೋ! ಅಂತೂ ಏಲೂರಿನ ಆ ಶೆಡ್ಡಿನಲ್ಲಿ ನಿಂತು ನನಗೆ ಒಂದು ಸತ್ಯ ಹೊಳೆಯಿತು. ನನ್ನ ಮೈದುನ ಕಾನ್ವೆಂಟಿನಲ್ಲಿ ಓದಬೇಕಿದ್ದ ಹುಡುಗಿ. ಅಕಸ್ಮಾತ್ತಾಗಿ ಗಂಡಾಗಿ ಹುಟ್ಟಿ ಲಾರಿ ಶೆಡ್ಡು ಸೇರಿದ್ದಾನೆ.

ಶೆಡ್ಡಿನಲ್ಲೇ ಇದೆಲ್ಲ ಮುಗಿದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಅವನು ಊಟಕ್ಕೆ ನಮ್ಮ ಮನೆಗೇ ಬರುವುದು. ಬಂದವನು ನೇರ ಅಡುಗೆಮನೆಗೆ ಹೋಗಿ ಕುದಿಯುತ್ತಿರುವ ಸಾರಿನ ಉರಿ ಆರಿಸುತ್ತಾನೆ. "ಇನ್ನು ಅದು ತನ್ನಷ್ಟಕ್ಕೇ ಕುದಿಯುತ್ತದೆ, ಅತ್ತಿಗೆ. ಮೊಮೆಂಟಮ್ ಉಂಟು." ಬೇಳೆಗೆ ಮೊಮೆಂಟಮ್ ಉಂಟೆಂದು ಯಾವ ಪುಣ್ಯಾತ್ಮ ಇವನಿಗೆ ಹೇಳಿದ? ದೋಸೆ ಹೊಯ್ದರೆ, ಕೊನೆಯ ದೋಸೆಗೆ ಕಾವಲಿಯ ಹಳೆಯ ಬಿಸಿಯೇ ಸಾಕೆಂದು ಗ್ಯಾಸ್ ಬಂದ್. ಆ ದೋಸೆಯನ್ನು ಮಾತ್ರ ಅವನಿಗೇ ಬಡಿಸುತ್ತೇನೆ. ಒಂದು ಬದಿ ದೋಸೆ, ಇನ್ನೊಂದು ಬದಿ ಹಿಟ್ಟು. ಕಣ್ಣು ಮುಚ್ಚಿ ತಿನ್ನುತ್ತಾನೆ, ಸಿದ್ಧಾಂತಕ್ಕಾಗಿ ಜೀವ ಕೊಡುವವರ ಹಾಗೆ.

ಆಲುವಾದಲ್ಲಿ ಒಂದು ಗೃಹಪ್ರವೇಶಕ್ಕೆ ಅವನ ಕಾರಿನಲ್ಲಿ ಹೋದದ್ದನ್ನು ಹೇಗೆ ಮರೆಯಲಿ? ಎಡಪ್ಪಳ್ಳಿ ಜಂಕ್ಷನ್ನಿನ ಕೆಂಪು ದೀಪವನ್ನು ಅವನು ಎಷ್ಟು ದೂರದಿಂದ ಗುರುತಿಸಿದನೆಂದರೆ, ನನಗಿನ್ನೂ ಜಂಕ್ಷನ್ನೇ ಕಂಡಿರಲಿಲ್ಲ. ಕಾಲು ತೆಗೆದ. ಕಾರು ತೆವಳಿತು. ಹಿಂದಿನಿಂದ ಎರ್ನಾಕುಲಂ ಜಿಲ್ಲೆಯ ಸಮಸ್ತ ಹಾರನ್ನುಗಳೂ ಮೊಳಗಿದವು. ಪಕ್ಕಕ್ಕೆ ಬಂದ ಬೈಕಿನವನೊಬ್ಬ ಬಗ್ಗಿ ನೋಡಿ, "ಎಂದಾ ಸಾರೇ, ಮದುಮಗಳನ್ನು ಕರೆದುಕೊಂಡು ಹೋಗ್ತಿದ್ದೀರಾ?" ಎಂದು ಮಲಯಾಳದಲ್ಲಿ ಕೇಳಿದ. ಆಮೇಲೆ ನನ್ನ ಬಿಳಿಕೂದಲು ಕಂಡು "ಸಾರಿ ಅಮ್ಮಚ್ಚೀ" ಎಂದು ಹಾರಿಹೋದ. ಮೈದುನನ ಮುಖದಲ್ಲಿ ಬುದ್ಧನ ಶಾಂತಿ. "ನೋಡಿ ಅತ್ತಿಗೆ, ನಾವು ಮುಟ್ಟುವಾಗ ಸರಿಯಾಗಿ ಹಸಿರು ಬಂತಾ ಇಲ್ವಾ?" ಹಸಿರು ಬಂತು, ನಿಜ. ಗೃಹಪ್ರವೇಶದ ಮನೆಗೆ ಮುಟ್ಟುವಾಗ ಪಾಯಸದ ಪಾತ್ರೆ ತೊಳೆಯುತ್ತಿದ್ದರು, ಅದೂ ನಿಜ.

ಪೌಲೋಸ್‌ನ ಪರಿಚಯ ನನಗೆ ಆದದ್ದು ಇಂಥ ಗುರುವನ್ನೇ ಏಮಾರಿಸಿದ ಶಿಷ್ಯನೆಂದು. ಪೌಲೋಸ್ ಆಸಿಡ್ ಟ್ಯಾಂಕರಿನ ಡ್ರೈವರು. ಅವನ ಲೋಟ ಪ್ರತಿ ಸಲವೂ ಅರ್ಧ ಖಾಲಿಯಾಗಿಯೇ ಬರುತ್ತಿತ್ತು. ಒಂದು ದಿನ ನೋಡಿದರೆ ಟ್ಯಾಂಕರು ಬಿರುಗಾಳಿಯಂತೆ ಹೋಗಿ ಬಿರುಗಾಳಿಯಂತೆ ಮರಳಿತು. ಗೇಟಿನಲ್ಲಿ ಟೈರು ಕಿರುಚುವ ಹಾಗೆ ಬ್ರೇಕು. ಲೋಟದಲ್ಲಿ ನೀರು ಕಂಠದವರೆಗೆ ಇದ್ದದ್ದು ಇದ್ದಂತೆಯೇ! ಶೆಡ್ಡಿಗೆ ಶೆಡ್ಡೇ ದಂಗಾಯಿತು. ನನ್ನ ಮೈದುನನಂತೂ ಕಣ್ಣೀರು ತುಂಬಿಕೊಂಡು, "ಕುಡಿ ಮಗನೇ, ಕುಡಿ" ಎಂದ.

"ಈಗ ನೋಂಬು, ಸಾರೇ" ಎಂದು ಪೌಲೋಸ್ ತಲೆ ಕೆರೆದ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳವು.

"ನೋಂಬಿನಲ್ಲಿ ನೀರು ಕುಡಿಯಬಾರದು ಅಂತ ಯಾವ ಪಾದ್ರಿ ಹೇಳಿದ್ದು?"

ಪೌಲೋಸ್ ಎರಡು ಹೆಜ್ಜೆ ಹಿಂದೆ ಸರಿದ. ಮೈದುನ ಲೋಟ ಎತ್ತಿ ಬಗ್ಗಿಸಿದ. ನೀರು ಬರಲಿಲ್ಲ. ಇನ್ನೂ ಬಗ್ಗಿಸಿದ. ಬರಲಿಲ್ಲ. ಲೋಟವನ್ನು ಬೋರಲಾಗಿ ಹಿಡಿದು ಬುಡ ತಟ್ಟಿದ. ಪ್ಲಕ್! ಲೋಟದ ಆಕಾರದ ಒಂದು ನೀರಿನ ಕಂಬ ಜಾರಿ ಬಂದು ಅವನ ಬರಿಗಾಲಿನ ಮೇಲೆ ಕೂತು ಥರಥರ ನಡುಗತೊಡಗಿತು. ಪೌಲೋಸ್‌ನ ಹೆಂಡತಿ ಹಿಂದಿನ ಸಂಜೆಯೇ ಚೈನಾಗ್ರಾಸ್ ಕಾಯಿಸಿ ಅಂಥದೇ ಇನ್ನೊಂದು ಲೋಟದಲ್ಲಿ ಹೊಯ್ದಿಟ್ಟಿದ್ದಳು. ದಾರಿಯಲ್ಲಿ ಇವನು ಲೋಟ ಬದಲಾಯಿಸಿದ್ದ.

ಮೈದುನ ಕಾಲಿನ ಮೇಲಿನ ಜೆಲ್ಲಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ, "ಸಕ್ಕರೆ ಹಾಕಿದ್ದೀಯಾ?"

"ಇಲ್ಲ ಸಾರೇ. ಹಾಕಿದರೆ ಇರುವೆ ಬಂದು ಕಳ್ಳತನ ಹೊರಗೆ ಬೀಳುತ್ತೆ ಅಂದಳು."

"ಬುದ್ಧಿವಂತೆ. ನಾಳೆಯಿಂದ ಟ್ಯಾಂಕರು ಅವಳೇ ಓಡಿಸಲಿ. ನೀನು ಮನೆಯಲ್ಲಿ ಜೆಲ್ಲಿ ಮಾಡು!"

ಈ ಕಥೆಯನ್ನು ನನಗೆ ಹೇಳಿದ್ದು ಪೌಲೋಸನೇ, ನಮ್ಮ ಮನೆಯ ಚಾವಡಿಯಲ್ಲಿ ಕೂತು, ನಾನು ಕೊಟ್ಟ ಕಾಫಿ ಕುಡಿಯುತ್ತಾ. ಅಷ್ಟರಲ್ಲಿ ಅವನು ನಿಜವಾದ ನೀರನ್ನೇ ಚೆಲ್ಲದೆ ತಂದು ಪಾಸಾಗಿದ್ದ, ಗುರುವಿನ ಹಿಂದೆ ಮುಂದೆ ಸುತ್ತುವ ಭಕ್ತನೂ ಆಗಿದ್ದ. ಇಷ್ಟು ನಗಿಸುವವರು ನನಗೆ ಬೇಕಾಗಿತ್ತು, ಏಕೆಂದರೆ ಆಮೇಲೆ ಬಂದದ್ದು ನಗುವ ಸಂಗತಿಯಾಗಿರಲಿಲ್ಲ.

ನನ್ನ ಮಗಳಿರುವುದು ತಿರುವನಂತಪುರದ ಶ್ರೀಕಾರ್ಯದಲ್ಲಿ. ಮರಗೆಣಸಿನ ಬಗ್ಗೆ ಸಂಶೋಧನೆ ಮಾಡುವ ಕೆಲಸ ಅವಳದು. ನಾಲ್ಕು ದಿನ ಇದ್ದು ಬರೋಣವೆಂದು ಹೋಗಿದ್ದೆ. ಅಲ್ಲಿ ಒಂದು ಬೆಳಿಗ್ಗೆ ಪೇಪರ್ ಓದುತ್ತಿರುವಾಗ ಎಡಗಣ್ಣಿನ ಮೂಲೆಯಿಂದ ಒಂದು ಕಪ್ಪು ಪರದೆ ಇಳಿಯತೊಡಗಿತು. ನಾಟಕ ಮುಗಿದಾಗ ಎಳೆಯುತ್ತಾರಲ್ಲ, ಹಾಗೆ. ಕಣ್ಣಿನ ಹಿಂದಿನ ಪೊರೆ, ರೆಟಿನಾ, ಗೋಡೆಯಿಂದ ವಾಲ್‌ಪೇಪರ್ ಬಿಟ್ಟಂತೆ ಬಿಟ್ಟಿದೆಯೆಂದರು. ಆ ದಿನವೇ ಆಪರೇಷನ್. ನನಗೆ ಓದಲು ಇದ್ದದ್ದು ಆ ಎಡಗಣ್ಣೊಂದೇ. ಬಲಗಣ್ಣು ಎಂದೋ ಮಂಜಾಗಿದೆ, ದಪ್ಪ ಅಕ್ಷರಗಳನ್ನೂ ದಪ್ಪ ಮನುಷ್ಯರನ್ನೂ ಮಾತ್ರ ಗುರುತಿಸುತ್ತದೆ. ಪುಸ್ತಕವಿಲ್ಲದೆ ಮುದುಕಿಯಾಗಿರುವುದು ಹೇಗೆ? ಮದರ್ ನಮಗೆ ಅದೊಂದನ್ನು ಕಲಿಸಿರಲಿಲ್ಲ.

ಕಣ್ಣಿನೊಳಗೆ ಒಂದು ಗ್ಯಾಸಿನ ಗುಳ್ಳೆ ಬಿಟ್ಟಿದ್ದರು. ಪೊರೆ ಮತ್ತೆ ಅಂಟುವವರೆಗೆ ಆ ಗುಳ್ಳೆ ಅದನ್ನು ಹಿಂದಕ್ಕೆ ಒತ್ತಿ ಹಿಡಿದಿರಬೇಕು. ಅದಕ್ಕಾಗಿ ನಾನು ಹಗಲೂ ರಾತ್ರಿ ತಲೆ ತಗ್ಗಿಸಿ ನೆಲವನ್ನೇ ನೋಡುತ್ತಿರಬೇಕು. ಜೀವಮಾನದಲ್ಲಿ ಯಾರಿಗೂ ತಲೆ ತಗ್ಗಿಸದವಳಿಗೆ ಎಂಥ ಶಿಕ್ಷೆ! ಮೊಮ್ಮಗಳು ನನ್ನ ಮುಖ ನೋಡಬೇಕಾದರೆ ನೆಲದ ಮೇಲೆ ಅಂಗಾತ ಮಲಗಿ ನನ್ನ ಕೆಳಗೆ ತೆವಳಿಕೊಂಡು ಬರುತ್ತಿದ್ದಳು. "ಅಮ್ಮೂಮ್ಮೇ, ಕಣ್ಣಿನಗತ್ತು ಬಲೂನ್ ಉಂಡೋ?" ಅಜ್ಜಿಯ ಕಣ್ಣೊಳಗೆ ಬಲೂನ್ ಉಂಟಾ ಎಂದು. ನಾನು ಕನ್ನಡದಲ್ಲಿ "ಉಂಟು, ಒಡೆಯಬೇಡ" ಎನ್ನುತ್ತಿದ್ದೆ.

ಅಷ್ಟರಲ್ಲಿ ಮಗಳಿಗೆ ಆಫೀಸಿನ ಕೆಲಸಕ್ಕೆ ದೆಹಲಿಗೆ ಹೋಗಲೇಬೇಕಾಯಿತು. ಎಡಪ್ಪಳ್ಳಿಯಲ್ಲಾದರೆ ನನ್ನನ್ನು ನೋಡಿಕೊಳ್ಳುವವರಿದ್ದರು. ಆದರೆ ಹೋಗುವುದು ಹೇಗೆ? ವಿಮಾನ ಹತ್ತುವಂತಿಲ್ಲ, ಮೇಲೆ ಹೋದರೆ ಗುಳ್ಳೆ ಉಬ್ಬುತ್ತದಂತೆ. "ರೈಲಿನಲ್ಲಿ ಹೋಗೋಣ" ಎಂದೆ. ಸುದ್ದಿ ಕೇಳಿ ಕಾರಿನಲ್ಲಿ ಓಡಿ, ಕ್ಷಮಿಸಿ, ತೆವಳಿ ಬಂದಿದ್ದ ಮೈದುನ ಗುಡುಗಿದ. "ರೈಲಾ? ಆ ಡ್ರೈವರಿಗೆ ಟ್ರೈನಿಂಗ್ ಕೊಟ್ಟವರು ಯಾರು? ನಾನು ಕೊಟ್ಟಿಲ್ಲ!"

"ಚಿಕ್ಕಪ್ಪನ ಕಾರಿನಲ್ಲಾ?" ಮಗಳು ಹಣೆ ಚಚ್ಚಿಕೊಂಡಳು. "ಅಮ್ಮಾ, ನೀವು ಮನೆಗೆ ಮುಟ್ಟುವಷ್ಟರಲ್ಲಿ ಕಣ್ಣು ತಾನಾಗಿಯೇ ವಾಸಿಯಾಗಿರುತ್ತದೆ!"

ಡಾಕ್ಟರನ್ನೇ ಕೇಳಿದೆವು. ಅವರು ಚಿಕ್ಕ ವಯಸ್ಸಿನ ಹೆಂಗಸು, ಮೃದು ಮಾತು. "ಕಾರ್ ಈಸ್ ಫೈನ್. ಮುಖ ಕೆಳಗೇ ಇರಲಿ. ಬಟ್ ನೋ ಜರ್ಕ್ಸ್. ಸಡನ್ ಬ್ರೇಕ್ ಹಾಕಲೇಬಾರದು. ಪೊರೆ ಇನ್ನೊಮ್ಮೆ ಬಿಟ್ಟರೆ ಅಂಟಿಸುವುದು ಕಷ್ಟ" ಎಂದರು.

ನನಗೆ ಅವನ ಮುಖ ಕಾಣಲಿಲ್ಲ, ನಾನು ನೆಲ ನೋಡುತ್ತಿದ್ದೆನಲ್ಲ. ಆದರೆ ಪಕ್ಕದಲ್ಲಿ ಅವನ ಉಸಿರು ನಿಂತದ್ದು ಕೇಳಿಸಿತು. ಬ್ರೇಕ್ ಹಾಕಬೇಡಿ ಎಂದು ಇನ್ನೊಬ್ಬ ಮನುಷ್ಯಪ್ರಾಣಿ ಹೇಳುವುದನ್ನು ಕೇಳಲು ಆ ಜೀವ ಎಷ್ಟು ವರ್ಷದಿಂದ ಕಾಯುತ್ತಿತ್ತೋ!

"ಗುಳ್ಳೆ ಎಲ್ಲಿವರೆಗೆ ತುಂಬಿದೆ, ಡಾಕ್ಟರೇ? ಕಂಠದವರೆಗಾ?"

"ಹೌದು, ಆಲ್‌ಮೋಸ್ಟ್ ಫುಲ್."

"ಅಂದರೆ ಈಗ ನಮ್ಮ ಅತ್ತಿಗೆ ಒಂದು ಲೋಟ. ಅಲ್ವಾ?"

ಡಾಕ್ಟರು ನನ್ನ ಮಗಳ ಕಡೆ ತಿರುಗಿ, "ಈಸ್ ಹೀ ಆಲ್‌ರೈಟ್?" ಎಂದು ಪಿಸುಗುಟ್ಟಿದರು.

ಮರುದಿನ ಬೆಳಿಗ್ಗೆ ಹೊರಟೆವು. ನನಗೆ ಮುಖ ಹುದುಗಿಸಲು ಅವನು ಒಂದು ದಿಂಬು ತಯಾರಿಸಿದ್ದ. ಸ್ಕೂಟರಿನ ಟ್ಯೂಬಿಗೆ ಗಾಳಿ ತುಂಬಿ, ಅದರ ಸುತ್ತ ಬಿಳಿ ಪಂಚೆ ಸುತ್ತಿ. ಮೂಗಿನ ಹತ್ತಿರ ತಂದಾಗ ಗೊತ್ತಾಯಿತು, ನನ್ನ ಯಜಮಾನರ ಪಂಚೆ. "ಮೆತ್ತಗಿದ್ದದ್ದು ಅದೊಂದೇ" ಎಂದ. ಮುಂದಿನ ಸೀಟಿನಲ್ಲಿ ಕೂತು, ಬೆಲ್ಟು ಹಾಕಿಸಿಕೊಂಡು, ತೊಡೆಯ ಮೇಲಿನ ಆ ಟ್ಯೂಬಿಗೆ ಮುಖ ಕೊಟ್ಟೆ. ಅವನದು ಹಳೆಯ ಕಾರು, ನಡುವೆ ಗೇರಿನ ಕೋಲು ಬಿಟ್ಟರೆ ಬೇರೆ ಅಡ್ಡವಿಲ್ಲ. ನನ್ನ ಮಂಜುಗಣ್ಣಿಗೆ ಓರೆಯಾಗಿ ಕಂಡದ್ದು ಒಂದೇ ಒಂದು ದೃಶ್ಯ. ಪೆಡಲಿನ ಮೇಲೆ ಅವನ ಬರಿಯ ಬಲಗಾಲು. ದೊಡ್ಡ ಪಾದ, ನನ್ನ ಪುಣ್ಯ! ತಿರುವನಂತಪುರದಿಂದ ಕೊಚ್ಚಿಯವರೆಗಿನ ಕಡಲು, ಕಾಯಲೆನ್ನುವ ಹಿನ್ನೀರು, ತೆಂಗು ಎಲ್ಲವನ್ನೂ ಬಿಟ್ಟು ಒಬ್ಬ ಗಂಡಸಿನ ಹೆಬ್ಬೆರಳನ್ನು ನೋಡುತ್ತಾ ಪ್ರಯಾಣ ಮಾಡಿದ ಹೆಂಗಸು ಕೇರಳದಲ್ಲಿ ನಾನೊಬ್ಬಳೇ ಇರಬೇಕು.

"ಲೋಟ ಇಟ್ಟಿದ್ದೀಯಾ?" ಎಂದೆ.

"ಇಟ್ಟಿದ್ದೇನೆ. ಕಂಠದವರೆಗೆ."

ಆಗ ತಣ್ಣನೆ ಗಾಳಿ ನನ್ನ ಕುತ್ತಿಗೆಗೆ ತಾಗಿತು. ಎ.ಸಿ.! ಕಾರು ಕೊಂಡಂದಿನಿಂದ ಆ ಗುಂಡಿಯನ್ನು ಅವನು ಮುಟ್ಟಿದ್ದಿಲ್ಲ. "ಎಂತ ಮಾರಾಯ, ಹುಷಾರಿದ್ದೀಯಾ?" ಎಂದೆ.

"ಬೆವರು ಕಣ್ಣಿಗೆ ಇಳಿಯಬಾರದು. ನೀವು ಕೆಳಗೆ ನೋಡಿ, ಅತ್ತಿಗೆ."

ನಮ್ಮ ಮುಂದೆ ಪೌಲೋಸ್‌ನ ಟ್ಯಾಂಕರು. ಕೊಲ್ಲಂನಲ್ಲಿ ಆಸಿಡ್ ಇಳಿಸಿ ಖಾಲಿಯಾಗಿ ನಿಂತಿದ್ದವನು ಅಲ್ಲಿಂದ ನಮ್ಮನ್ನು ಕೂಡಿಕೊಂಡಿದ್ದ. ಎಡಗಡೆ ಗುಂಡಿಯಿದ್ದರೆ ಎಡ ಇಂಡಿಕೇಟರ್, ಬಲಗಡೆಯಿದ್ದರೆ ಬಲ, ಹಂಪ್ ಇದ್ದರೆ ಎರಡೂ. ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿದ್ದುದರಿಂದ ಟ್ಯಾಂಕರು ಉದ್ದಕ್ಕೂ ದೀಪಾವಳಿ ಮಾಡುತ್ತಾ ಹೋಯಿತು. ಹಿಂದಿನಿಂದ ಹಾರನ್ನು, ಬೈಗುಳ. ನನಗೆ ಎಷ್ಟೋ ಮಲಯಾಳ ಶಬ್ದಗಳು ಅರ್ಥವಾಗುವುದಿಲ್ಲವೆಂದು ನಾನು ನಟಿಸುವುದುಂಟು, ಕಾನ್ವೆಂಟ್ ಎಜುಕೇಷನ್! ಆ ದಿನ ಅವೆಲ್ಲವೂ ಅರ್ಥವಾದವು.

ಆಲಪ್ಪುಳ ಹತ್ತಿರ ಬಂದಿರಬೇಕು. ಮೈದುನ "ಅಯ್ಯೋ" ಎಂದ, ಬಹಳ ಮೆಲ್ಲಗೆ. ಪಕ್ಕದ ಓಣಿಯಿಂದ ಒಂದು ಸ್ಕೂಟರು ನೇರ ನಮ್ಮೆದುರಿಗೆ ನುಗ್ಗಿತ್ತಂತೆ. ನಾನು ಕಂಡದ್ದು ಇಷ್ಟು. ಆ ಕಾಲು ಎದ್ದಿತು. ಎಂದೂ ಹೋಗದ ಕಡೆಗೆ ಹೋಯಿತು. ಬ್ರೇಕಿನ ಮೇಲೆ, ಮಲಗಿದ ಮಗುವಿನ ಎದೆಯ ಮೇಲೆ ಅಂಗೈ ಇಟ್ಟಂತೆ, ಇಳಿಯಿತು. ಹೆಬ್ಬೆರಳು, ಆಮೇಲೆ ಉಳಿದ ಬೆರಳು, ಆಮೇಲೆ ಪಾದ. ಕಾರು ನಿಂತದ್ದು ನನ್ನ ಕತ್ತಿಗೆ ತಿಳಿಯಲೇ ಇಲ್ಲ. ಎಂಜಿನ್ನಿನ ಸದ್ದು ಬದಲಾದದ್ದರಿಂದ ತಿಳಿಯಿತು.

"ಬ್ರೇಕ್ ಹಾಕಿದೆಯಲ್ಲ!" ಎಂದೆ. ತಮಾಷೆ ಮಾಡದೆ ನನಗೆ ಇರಲಾಗುವುದಿಲ್ಲ.

ನಿಂತ ಕಾರಿನಲ್ಲಿ ಆ ಕಾಲು ನಡುಗುತ್ತಿತ್ತು. ಜೆಲ್ಲಿಯ ಹಾಗೆ, ಥರಥರ. ಅವನು ಅದನ್ನು ಇನ್ನೊಂದು ಕಾಲಿನಿಂದ ಒತ್ತಿ ಹಿಡಿಯಲು ನೋಡಿದ. ಅದೂ ನಡುಗುತ್ತಿತ್ತು.

ಆಮೇಲೆ ಹೇಳಿದ, "ಅಣ್ಣ ಇದ್ದಿದ್ದರೆ ನಿಮ್ಮನ್ನು ನನ್ನ ಕಾರಿಗೆ ಹತ್ತಿಸುತ್ತಿರಲಿಲ್ಲ."

"ಅವರೇ ಹತ್ತುತ್ತಿರಲಿಲ್ಲ. ನಡೆದರೆ ಬೇಗ ಮುಟ್ಟುತ್ತೇನೆ ಅಂತ ಚಪ್ಪಲಿ ಹಾಕಿಕೊಳ್ಳುತ್ತಿದ್ದರು."

ಅವನು ನಕ್ಕನೋ ಏನೋ. ಪಾದ ಮತ್ತೆ ಆಕ್ಸಿಲರೇಟರಿಗೆ ಮರಳಿತು. ಅದನ್ನು ಮುಟ್ಟಿದ ಕೂಡಲೇ ನಡುಕ ನಿಂತಿತು. ಅಲ್ಲಿಂದ ಮುಂದೆ ಪ್ರತಿ ಸಿಗ್ನಲಿನಲ್ಲೂ ಅದು ನಡುಗಿತು, ಹೊರಟಾಗ ನಿಂತಿತು. ನಾನು ನೋಡುತ್ತಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಎಡಪ್ಪಳ್ಳಿಗೆ ಮುಟ್ಟಿದೆವು. ಪೌಲೋಸ್ ಟ್ಯಾಂಕರನ್ನು ರಸ್ತೆ ಬದಿಗೆ ಹಾಕಿ ಓಡಿ ಬಂದು ನನ್ನನ್ನು ಇಳಿಸಿದ. ಮೈದುನ ಡ್ಯಾಶ್‌ಬೋರ್ಡಿನಿಂದ ಲೋಟ ತೆಗೆದು ನನ್ನ ಮುಂದೆ ನಿಂತ. ನನಗೆ ಕಂಡದ್ದು ನೆಲ ಮತ್ತು ಅದೇ ಪಾದಗಳು.

"ಒಂದು ಹನಿ ಚೆಲ್ಲಿಲ್ಲ. ಇವತ್ತು ಪರೀಕ್ಷಕರು ನೀವು, ಅತ್ತಿಗೆ."

"ಜೆಲ್ಲಿ ಅಲ್ಲ ತಾನೆ?"

"ಅಯ್ಯೋ, ಅಮ್ಮಚ್ಚೀ!" ಎಂದ ಪೌಲೋಸ್.

"ಹಾಗಾದರೆ ಪಾಸ್. ಕುಡಿ."

ಅವನು ಲೋಟ ಎತ್ತಿರಬೇಕು. ತಿರುವನಂತಪುರದಿಂದ ಅಲ್ಲಿಯವರೆಗೆ ಅಲುಗದೆ ಬಂದ ನೀರು 'ದಳ್' ಎಂದು ಅವನದೇ ಪಾದದ ಮೇಲೆ ಬಿತ್ತು. ಬಾಯಿಗೆ ಎಷ್ಟು ಹೋಯಿತೋ ನನಗೆ ಗೊತ್ತಿಲ್ಲ. ಪೌಲೋಸ್ ಚಪ್ಪಾಳೆ ತಟ್ಟಿದ.

ವಾರಗಳು ಕಳೆದವು. ನನ್ನ ಕಣ್ಣಿನೊಳಗಿನ ಗುಳ್ಳೆ ಕಿತ್ತಳೆಯಿಂದ ನಿಂಬೆಯಾಗಿ, ನಿಂಬೆಯಿಂದ ಮೆಣಸಿನಕಾಳಾಗಿ ಒಂದು ದಿನ ಇಲ್ಲವಾಯಿತು. ಮೊನ್ನೆ ಅವನ ಕಾರಿನಲ್ಲೇ ತಿರುವನಂತಪುರಕ್ಕೆ ಹೋದಾಗ ಡಾಕ್ಟರು ಮತ್ತೆ ನೋಡಿ, ಪೊರೆ ಭದ್ರವಾಗಿ ಅಂಟಿದೆ, ಓದಬಹುದು ಎಂದರು. ಮರಳಿ ಬರುವಾಗ ಮಹಾರಾಣಿಯ ಹಾಗೆ ನೆಟ್ಟಗೆ ಕೂತು ಹೇಳಿದೆ, "ಸೆಕೆ ಮಾರಾಯ. ಎ.ಸಿ. ಹಾಕು."

"ಈಗ ಕಣ್ಣು ಸರಿ ಉಂಟಲ್ಲ, ಅತ್ತಿಗೆ. ಕಿಟಕಿ ಇಳಿಸಿ."

ಕಿಟಕಿ ಇಳಿಸಿದೆ. ಹೊರಗೆ ಕಾಯಲಿನ ಮೇಲೆ ಬಿಸಿಲು, ದೋಣಿ, ಹಿಂದಿನ ಸಲ ನಾನು ಕಾಣದೆ ಬಿಟ್ಟ ಕೇರಳ ಪೂರ್ತಿ. ಅದನ್ನು ನೋಡಬೇಕಿತ್ತು. ಆದರೆ ಅಭ್ಯಾಸವಾಗಿಬಿಟ್ಟಿದೆಯಲ್ಲ, ತಲೆ ತಗ್ಗಿಸಿ ಕೆಳಗೆ ನೋಡಿದೆ, ಈ ಸಲ ಎರಡೂ ಕಣ್ಣಿನಿಂದ. ಪೆಡಲಿನ ಮೇಲೆ ಆ ದೊಡ್ಡ ಪಾದ, ತೊಟ್ಟಿಲ ಕೂಸಿನ ಹಾಗೆ, ನಿದ್ದೆ ಮಾಡುತ್ತಿತ್ತು.